ಐದು ಡಾಲರ್ ಅರವತ್ತು ಸೆಂಟ್: ಹಳೆಯ ಅಮೆರಿಕನ್ ನಾಣ್ಯಗಳ ಟೈಪ್ ಸೆಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ನಾಣ್ಯ ಸಂಗ್ರಾಹಕರಲ್ಲಿ ಎರಡು ಬಗೆಯವರಿದ್ದಾರೆ. ಒಂದೇ ವಿನ್ಯಾಸವನ್ನು ಹಿಡಿದು, ಅದು ಹೊರಬಂದ ಪ್ರತಿ ವರ್ಷದ, ಪ್ರತಿ ಟಂಕಸಾಲೆಯ ನಾಣ್ಯವನ್ನೂ ಹುಡುಕಿಕೊಂಡು ಹೋಗುವವರು ಮೊದಲನೆಯವರು. ಪ್ರತಿ ವಿನ್ಯಾಸಕ್ಕೆ ಒಂದೇ ನಾಣ್ಯ ಸಾಕು, ಆದರೆ ಆ ಒಂದು ಕಣ್ಣಿಗೆ ತುಂಬುವಂತಿರಬೇಕು ಎನ್ನುವವರು ಎರಡನೆಯವರು. ಈ ಎರಡನೆಯ ಬಗೆಯ ಸಂಗ್ರಹವನ್ನೇ ಟೈಪ್ ಸೆಟ್ ಎನ್ನುತ್ತಾರೆ. ಲಿಂಕನ್ ಸೆಂಟುಗಳನ್ನು ವರ್ಷವಾರು ಜೋಡಿಸಲು ಹೊರಟವರು ಎಂದಾದರೊಂದು ದಿನ 1909ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ, ಶಿಲ್ಪಿಯ ಮೊದಲಕ್ಷರಗಳಾದ ವಿ.ಡಿ.ಬಿ. ಹೊತ್ತ ಸೆಂಟಿನ ಮುಂದೆ ಬಂದು ನಿಲ್ಲಲೇಬೇಕು. ಅದು ಅಚ್ಚಾದದ್ದು 4,84,000 ಮಾತ್ರ. ಹತ್ತು ಸೆಂಟಿನ ಮರ್ಕ್ಯುರಿ ಡೈಮ್ ಹಿಡಿದವರನ್ನು 2,64,000 ಮಾತ್ರ ಅಚ್ಚಾದ 1916ರ ಡೆನ್ವರ್ ನಾಣ್ಯ ತಡೆಯುತ್ತದೆ. ಟೈಪ್ ಸೆಟ್ ಕಟ್ಟುವವರಿಗೆ ಇವುಗಳ ಹಂಗಿಲ್ಲ. ಅದೇ ವಿನ್ಯಾಸದ, ಕೋಟಿಗಟ್ಟಲೆ ಅಚ್ಚಾದ ಬೇರೊಂದು ವರ್ಷದ ನಾಣ್ಯವನ್ನು ಆರಿಸಿಕೊಂಡು, ವಿರಳತೆಗೆ ತೆರಬೇಕಾಗಿದ್ದ ಹಣವನ್ನು ಅವರು ಅಂದಕ್ಕೆ ತೆರಬಹುದು. ಹಾಗಾಗಿ ಈ ಹವ್ಯಾಸದಲ್ಲಿ ಕೊಳ್ಳುವ ಕೆಲಸಕ್ಕಿಂತ ಆರಿಸುವ ಕೆಲಸವೇ ದೊಡ್ಡದು.

ಮೊದಲನೆಯ ಹಂತ: ಗಡಿ ಗುರುತಿಸುವುದು

ಅಮೆರಿಕದ ನಾಣ್ಯ ಕಾಯ್ದೆ 1792ರದು. ಅಂದಿನಿಂದ ಇಂದಿನವರೆಗಿನ ಎಲ್ಲ ವಿನ್ಯಾಸಗಳನ್ನೂ ಸೇರಿಸುತ್ತೇನೆಂದು ಹೊರಟರೆ, ಮೊದಲ ದಶಕದ ಕೆಲವು ನಾಣ್ಯಗಳೇ ಒಂದು ಮನೆಯ ಬೆಲೆ ಕೇಳುತ್ತವೆ. ಆದ್ದರಿಂದ ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಒಂದು ಹಾಳೆಯಲ್ಲಿ ಸಂಗ್ರಹದ ಆರಂಭ ಮತ್ತು ಅಂತ್ಯಗಳನ್ನು ಬರೆದುಕೊಳ್ಳಬೇಕು. ಹೊಸಬರಿಗೆ ನಾನು ಸೂಚಿಸುವ ಗಡಿ, 1892ರಿಂದ 1964ರವರೆಗೆ ಜನರ ಕೈಯಲ್ಲಿ ಓಡಾಡಿದ ನಾಣ್ಯಗಳು, ಚಿನ್ನವನ್ನು ಬಿಟ್ಟು.

ಈ ಎರಡು ವರ್ಷಗಳಿಗೂ ಕಾರಣವಿದೆ. ಒಂದು ವಿನ್ಯಾಸ ಇಪ್ಪತ್ತೈದು ವರ್ಷ ಪೂರೈಸುವ ಮೊದಲು ಸಂಸತ್ತಿನ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸಬಾರದೆಂಬ ಕಾನೂನು 1890ರಲ್ಲಿ ಬಂದಿತು. ಅದರ ಬೆನ್ನಿಗೆ, 1892ರಲ್ಲಿ, ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ರೂಪಿಸಿದ ಡೈಮ್, ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಮತ್ತು ಅರ್ಧ ಡಾಲರುಗಳು ಹೊರಬಂದವು. ಮೂರರ ಮುಂಬದಿಯಲ್ಲೂ ಸ್ವಾತಂತ್ರ್ಯದೇವಿಯ ಒಂದೇ ಮುಖ, ಗಂಭೀರ, ತುಸು ನೀರಸ. ಗಡುವು ಮುಗಿಯುತ್ತಲೇ, 1916ರಲ್ಲಿ, ಹೊರಗಿನ ಶಿಲ್ಪಿಗಳ ಕೈಯಿಂದ ಮೂರು ಹೊಸ ವಿನ್ಯಾಸಗಳು ಒಟ್ಟಿಗೆ ಬಂದವು: ಡೈಮ್ ಮತ್ತು ಅರ್ಧ ಡಾಲರ್ ಅಡಾಲ್ಫ್ ವೈನ್‌ಮನ್ ಅವರವು, ಕ್ವಾರ್ಟರ್ ಹರ್ಮನ್ ಮ್ಯಾಕ್‌ನೀಲ್ ಅವರದು. ಇನ್ನೊಂದು ತುದಿಯಲ್ಲಿ, 1965ರ ಕಾಯ್ದೆ ಡೈಮ್ ಮತ್ತು ಕ್ವಾರ್ಟರುಗಳಿಂದ ಬೆಳ್ಳಿಯನ್ನು ತೆಗೆದುಹಾಕಿ, ಅರ್ಧ ಡಾಲರಿನಲ್ಲಿ ಅದನ್ನು ಶೇಕಡ 90ರಿಂದ 40ಕ್ಕೆ ಇಳಿಸಿತು. 1964ನೆಯ ಇಸವಿ ಹೊತ್ತ ಕ್ವಾರ್ಟರನ್ನೂ 1965ರದನ್ನೂ ಅಂಚು ಮೇಲಾಗಿ ಹಿಡಿದು ನೋಡಿದರೆ ಸಾಕು, ಎರಡನೆಯದರ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಎದ್ದು ಕಾಣುತ್ತದೆ.

ಎರಡನೆಯ ಹಂತ: ಪಟ್ಟಿ ಬರೆಯುವುದು

ಈ ಗಡಿಯೊಳಗೆ ನನ್ನ ಲೆಕ್ಕಕ್ಕೆ ಇಪ್ಪತ್ತಮೂರು ನಾಣ್ಯಗಳು ಬರುತ್ತವೆ. ಮುಖ ಬೆಲೆಗಳನ್ನೆಲ್ಲ ಕೂಡಿದರೆ ಐದು ಡಾಲರ್ ಅರವತ್ತು ಸೆಂಟ್. ಸವೆಯದ ಸ್ಥಿತಿಯಲ್ಲಿದ್ದರೆ ಇವುಗಳಲ್ಲಿರುವ ಶುದ್ಧ ಬೆಳ್ಳಿ ಸುಮಾರು 124 ಗ್ರಾಂ.

ಸೆಂಟುಗಳು ಐದು. ಕಂಚಿನ ಇಂಡಿಯನ್ ಹೆಡ್ ಸೆಂಟ್ (1864–1909) ಮೊದಲನೆಯದು. ಹೆಸರಿನಲ್ಲಿರುವ ಇಂಡಿಯನ್ ನಾವಲ್ಲ, ಅಮೆರಿಕದ ಮೂಲನಿವಾಸಿಗಳು, ಆದರೆ ಅದೂ ಪೂರ್ತಿ ನಿಜವಲ್ಲ, ಏಕೆಂದರೆ ಅಲ್ಲಿರುವುದು ಅವರ ಗರಿಯ ಕಿರೀಟ ತೊಟ್ಟ ಸ್ವಾತಂತ್ರ್ಯದೇವಿ. ಎರಡನೆಯದು 1909ರ ಲಿಂಕನ್ ಸೆಂಟ್. ಹಿಂಬದಿಯ ಕೆಳ ಅಂಚಿನಲ್ಲಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ಮೂರು ಮೊದಲಕ್ಷರಗಳಿವೆ, ಅವು ತೀರ ದೊಡ್ಡವಾದವೆಂಬ ಗದ್ದಲವೆದ್ದು ಅದೇ ವರ್ಷ ತೆಗೆದುಹಾಕಿದರು. ಫಿಲಡೆಲ್ಫಿಯದಲ್ಲಿ ಅಚ್ಚಾದ ವಿ.ಡಿ.ಬಿ. ಸೆಂಟುಗಳು ಎರಡೂ ಮುಕ್ಕಾಲು ಕೋಟಿಗೂ ಮಿಕ್ಕಿದ್ದು, ಹೊಸದೆಂಬ ಅಕ್ಕರೆಯಿಂದ ಜನ ಎತ್ತಿಟ್ಟುಕೊಂಡ ಕಾರಣ ಇಂದಿಗೂ ಸುಲಭವಾಗಿ ಸಿಗುತ್ತವೆ. ಮೂರನೆಯದು ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿರುವ ಸಾಮಾನ್ಯ ಲಿಂಕನ್ ಸೆಂಟ್ (1958ರವರೆಗೆ), ನಾಲ್ಕನೆಯದು ಯುದ್ಧಕ್ಕೆ ತಾಮ್ರ ಬೇಕಾಗಿ ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿದ 1943ರದು, ಐದನೆಯದು 1959ರಿಂದ ಬಂದ ಲಿಂಕನ್ ಸ್ಮಾರಕದ ಸೆಂಟ್.

ಐದು ಸೆಂಟಿನ ನಿಕ್ಕಲ್‌ಗಳೂ ಐದು. ಹಿಂಬದಿಯಲ್ಲಿ ಐದರ ರೋಮನ್ ಅಂಕಿ ‘V’ ಇರುವ ಲಿಬರ್ಟಿ ನಿಕ್ಕಲ್ (1883–1912), ಜೇಮ್ಸ್ ಅರ್ಲ್ ಫ್ರೇಸರ್ ಅವರ ಬಫಲೋ ನಿಕ್ಕಲ್‌ನ ಎರಡು ರೂಪಗಳು, ಜೆಫರ್ಸನ್ (1938ರಿಂದ), ಯುದ್ಧಕಾಲದ ಜೆಫರ್ಸನ್ (1942–45). 1913ರ ಮೊದಲ ಬಫಲೋದಲ್ಲಿ ಪ್ರಾಣಿ ಗುಡ್ಡದ ಮೇಲೆ ನಿಂತಿದೆ, ಬೆಲೆ ಬರೆದಿರುವುದು ಆ ಗುಡ್ಡದ ಉಬ್ಬಿನ ಮೇಲೆ. ಬಳಕೆಯಲ್ಲಿ ಆ ಅಕ್ಷರಗಳು ಬೇಗನೆ ಅಳಿಸಿಹೋಗುವುದನ್ನು ಕಂಡು ಅದೇ ವರ್ಷ ಗುಡ್ಡವನ್ನು ಕತ್ತರಿಸಿ ಸಮನೆಲ ಮಾಡಿದರು. ಯುದ್ಧಕಾಲದ ನಿಕ್ಕಲ್‌ನಲ್ಲಿ ನಿಕ್ಕಲ್ ಲೋಹವೇ ಇಲ್ಲ. ತಾಮ್ರ, ಮ್ಯಾಂಗನೀಸ್ ಮತ್ತು ಶೇಕಡ 35 ಬೆಳ್ಳಿಯಿದೆ. ಹಿಂಬದಿಯಲ್ಲಿ ಜೆಫರ್ಸನ್ ಅವರ ಮನೆಯಾದ ಮಾಂಟಿಚೆಲ್ಲೊದ ಗುಮ್ಮಟದ ಮೇಲಿರುವ ಟಂಕಸಾಲೆಯ ದೊಡ್ಡ ಅಕ್ಷರ ಅದರ ಗುರುತು, ಮತ್ತು ಫಿಲಡೆಲ್ಫಿಯ ಟಂಕಸಾಲೆ ತನ್ನ ‘ಪಿ’ ಅಕ್ಷರವನ್ನು ಮೊಟ್ಟಮೊದಲು ಹಾಕಿದ್ದೂ ಈ ನಾಣ್ಯಕ್ಕೆ.

ಬೆಳ್ಳಿಯವುಗಳಲ್ಲಿ ಡೈಮ್ ಮೂರು: ಬಾರ್ಬರ್ (1892–1916), ಮರ್ಕ್ಯುರಿ (1916–45), ರೂಸ್‌ವೆಲ್ಟ್ (1946–64). ಮರ್ಕ್ಯುರಿ ಎಂಬುದೂ ಜನರ ತಪ್ಪು ತಿಳಿವಳಿಕೆಯಿಂದ ಬಂದ ಹೆಸರು. ಅದು ರೆಕ್ಕೆಯ ಟೊಪ್ಪಿಗೆ ಹಾಕಿದ ಸ್ವಾತಂತ್ರ್ಯದೇವಿಯೇ. ಕ್ವಾರ್ಟರ್ ನಾಲ್ಕು: ಬಾರ್ಬರ್, ಸ್ಟ್ಯಾಂಡಿಂಗ್ ಲಿಬರ್ಟಿಯ ಎರಡು ರೂಪಗಳು, ವಾಷಿಂಗ್ಟನ್ (1932–64). ಅರ್ಧ ಡಾಲರ್ ನಾಲ್ಕು: ಬಾರ್ಬರ್ (1892–1915), ವಾಕಿಂಗ್ ಲಿಬರ್ಟಿ (1916–47), ಫ್ರಾಂಕ್ಲಿನ್ (1948–63), 1964ರ ಕೆನಡಿ. ಡಾಲರ್ ಎರಡು: ಮಾರ್ಗನ್ (1878–1904 ಮತ್ತು 1921), ಪೀಸ್ (1921–28, 1934–35).

ಮಾರ್ಗನ್ ಡಾಲರಿನ ಇಸವಿಗಳ ನಡುವಿನ ಆ ಹದಿನೇಳು ವರ್ಷಗಳ ಬಿರುಕಿನಲ್ಲಿ ನಮ್ಮ ದೇಶದ ಕಥೆಯೊಂದು ಅಡಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬೆಳ್ಳಿ ರೂಪಾಯಿಯ ಅಭಾವ ಎಷ್ಟಾಯಿತೆಂದರೆ, ಸರ್ಕಾರ 1917ರ ಕೊನೆಯಲ್ಲಿ ಒಂದು ರೂಪಾಯಿಯ ನೋಟನ್ನೇ ಹೊರತರಬೇಕಾಯಿತು. ಆದರೂ ಕಾಗದ ಕೊಟ್ಟು ಬೆಳ್ಳಿ ಕೇಳುವವರ ಸಾಲು ಕರಗಲಿಲ್ಲ. ಆಗ ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ ತನ್ನ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ, ಅದರ ಬಹುಪಾಲು ಬೆಳ್ಳಿಯನ್ನು ಭಾರತದ ಅಗತ್ಯಕ್ಕೆಂದು ಬ್ರಿಟನ್ನಿಗೆ ಮಾರಿತು. ಕರಗಿಸಿದ್ದಕ್ಕೆ ಸಮನಾಗಿ ಮತ್ತೆ ಡಾಲರು ಅಚ್ಚು ಹಾಕಬೇಕೆಂದು ಅದೇ ಕಾಯ್ದೆ ಹೇಳಿದ್ದರಿಂದ 1921ರಲ್ಲಿ ಮಾರ್ಗನ್ ಮರಳಿ ಬಂತು, ವರ್ಷದ ಕೊನೆಗೆ ಅದರ ಜಾಗಕ್ಕೆ ಪೀಸ್ ಡಾಲರ್ ಬಂತು. ಮನೆಯ ಹಳೆಯ ಪೆಟ್ಟಿಗೆಯಲ್ಲಿ 1918 ಅಥವಾ 1919ರ ಐದನೇ ಜಾರ್ಜ್ ರೂಪಾಯಿ ಇರುವವರು ಅದನ್ನು ಪೀಸ್ ಡಾಲರಿನ ಪಕ್ಕದಲ್ಲಿಟ್ಟು ನೋಡಬಹುದು.

ಮೂರನೆಯ ಹಂತ: ದರ್ಜೆಯನ್ನು ಕಣ್ಣಿನಿಂದ ಕಲಿಯುವುದು

ಅಮೆರಿಕನ್ ನಾಣ್ಯಗಳ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ದೊಡ್ಡ ಸೆಂಟುಗಳಿಗಾಗಿ ಮಾಡಿದ ಅಳತೆ ಇದು, ಆಮೇಲೆ ಎಲ್ಲ ನಾಣ್ಯಗಳಿಗೂ ಹಬ್ಬಿತು. ಅಂಚು ಮತ್ತು ಹೊರರೇಖೆ ಮಾತ್ರ ಉಳಿದಿದ್ದರೆ ಜಿ-4, ಮಧ್ಯಮ ಸವೆತಕ್ಕೆ ವಿಎಫ್-20, ಎತ್ತರದ ಜಾಗಗಳಲ್ಲಿ ಮಾತ್ರ ತೆಳು ಸವೆತವಿದ್ದರೆ ಎಕ್ಸ್ಎಫ್-40, ಸವೆತದ ಸುಳಿವಷ್ಟೇ ಇದ್ದರೆ ಎಯು-50ರಿಂದ 58, ಬಳಕೆಗೇ ಬಾರದಿದ್ದರೆ ಎಂಎಸ್-60ರಿಂದ ಮೇಲೆ.

ಅಂಕಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿ ವಿನ್ಯಾಸ ಮೊದಲು ಸವೆಯುವ ಜಾಗ ಯಾವುದೆಂದು ತಿಳಿಯುವುದು ಮುಖ್ಯ. ಬಾರ್ಬರ್ ನಾಣ್ಯಗಳಲ್ಲಿ ತಲೆಪಟ್ಟಿಯ ಮೇಲಿನ ಲಿಬರ್ಟಿ ಎಂಬ ಪದದ ಅಕ್ಷರಗಳು ಮೊದಲು ಹೋಗುತ್ತವೆ. ಇಂಡಿಯನ್ ಹೆಡ್ ಸೆಂಟಿನಲ್ಲೂ ಹಾಗೆಯೇ. ಮಾರ್ಗನ್‌ನಲ್ಲಿ ಕಿವಿಯ ಮೇಲಿನ ಕೂದಲು ಮತ್ತು ಹದ್ದಿನ ಎದೆ, ಬಫಲೋದಲ್ಲಿ ಕೊಂಬು, ವಾಕಿಂಗ್ ಲಿಬರ್ಟಿಯಲ್ಲಿ ದೇವಿಯ ಎಡಗೈ ಮತ್ತು ಕಾಲಿನ ಮೇಲಿನ ಸೆರಗಿನ ಗೆರೆಗಳು, ಸ್ಟ್ಯಾಂಡಿಂಗ್ ಲಿಬರ್ಟಿಯಲ್ಲಿ ಮೊಣಕಾಲು, ಮರ್ಕ್ಯುರಿಯ ಹಿಂಬದಿಯಲ್ಲಿ ಕಟ್ಟಿಗೆಯ ಕಟ್ಟನ್ನು ಬಿಗಿದ ನಡುವಿನ ಪಟ್ಟಿಗಳು. ಹೊಸ ನಾಣ್ಯ ಕೈಗೆ ಬಂದೊಡನೆ ಕಣ್ಣು ಮೊದಲು ಈ ಜಾಗಕ್ಕೆ ಹೋಗಬೇಕು.

ಸವೆತ ಬೇರೆ, ಅಚ್ಚು ಸರಿಯಾಗಿ ಕೂರದಿರುವುದು ಬೇರೆ. 1921ರ ಮಾರ್ಗನ್ ಹೊಚ್ಚಹೊಸದಾಗಿದ್ದರೂ ಎಷ್ಟೋ ಸಲ ಹದ್ದಿನ ಎದೆ ಮಬ್ಬಾಗಿಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಹೊಳಪನ್ನು ನೋಡಬೇಕು. ಒಂದೇ ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ವಾಲಿಸಿದಾಗ, ಸವೆಯದ ಬೆಳ್ಳಿಯ ಮೇಲೆ ಬೆಳಕು ಬಂಡಿಯ ಗಾಲಿಯ ಅರೆಗಳಂತೆ ಸುತ್ತುತ್ತದೆ. ಉಬ್ಬಿದ ಜಾಗದಲ್ಲಿ ಆ ಓಟ ಕಡಿದು ಬೂದುಬಣ್ಣ ಕಂಡರೆ ಅದು ಸವೆತ. ಓಟ ಮುಂದುವರಿದು ವಿವರ ಮಾತ್ರ ಇಲ್ಲದಿದ್ದರೆ ಅದು ದುರ್ಬಲ ಅಚ್ಚು.

ಇನ್ನು, ಇಡೀ ಸಂಗ್ರಹಕ್ಕೆ ದರ್ಜೆಯ ಒಂದು ಮಿತಿಯನ್ನು ನಿಗದಿ ಮಾಡಿಕೊಳ್ಳಿ. 1916ಕ್ಕೆ ಹಿಂದಿನವುಗಳಿಗೆ ವಿಎಫ್‌ನಿಂದ ಎಕ್ಸ್ಎಫ್, ನಂತರದವುಗಳಿಗೆ ಎಯುನಿಂದ ಎಂಎಸ್-63 ಎಂಬುದು ನನ್ನ ಸಲಹೆ. ಇಪ್ಪತ್ತೆರಡು ನಾಣ್ಯಗಳು ಹೊಳೆಯುತ್ತಿದ್ದು ಒಂದು ಮಾತ್ರ ಗೊಬ್ಬರದ ಗುಂಡಿಯಿಂದ ಎದ್ದುಬಂದಂತಿದ್ದರೆ, ನೋಡುವವರ ಕಣ್ಣು ಹೋಗುವುದು ಆ ಒಂದರ ಮೇಲೆಯೇ.

ನಾಲ್ಕನೆಯ ಹಂತ: ಕೊಳ್ಳುವ ಕ್ರಮ ಮತ್ತು ಇಸವಿಯ ಆಯ್ಕೆ

ಕಷ್ಟದ್ದನ್ನು ಮೊದಲು ಮುಗಿಸೋಣವೆಂಬ ಹುಮ್ಮಸ್ಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಕಣ್ಣು ಪಳಗುವ ಮೊದಲೇ ದೊಡ್ಡ ಹಣ ಕೈಬಿಡುತ್ತದೆ. ಗೋಧಿ ತೆನೆಯ ಸೆಂಟ್, ಉಕ್ಕಿನ ಸೆಂಟ್, ಎರಡು ಜೆಫರ್ಸನ್‌ಗಳು, ರೂಸ್‌ವೆಲ್ಟ್, ವಾಷಿಂಗ್ಟನ್, ಫ್ರಾಂಕ್ಲಿನ್, ಕೆನಡಿ ಇವುಗಳಿಂದ ಆರಂಭಿಸಿ. ಬೆಳ್ಳಿಯವುಗಳ ಬೆಲೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯನ್ನೇ ಹಿಂಬಾಲಿಸುವುದರಿಂದ, ತಪ್ಪಿದರೂ ನಷ್ಟ ಅಲ್ಪ. ಅಮೆರಿಕದಲ್ಲಿ ನೆಲೆಸಿರುವವರು ಬ್ಯಾಂಕಿನಲ್ಲಿ ಅರ್ಧ ಡಾಲರಿನ ಸುರುಳಿಗಳನ್ನು ಕೇಳಿ ಪಡೆದು ಸೋಸಿ ನೋಡಬಹುದು. ಅಪರೂಪಕ್ಕಾದರೂ 1964ರದು ಸಿಕ್ಕಿದರೆ ಅದು ಐವತ್ತು ಸೆಂಟಿಗೆ ಸಿಕ್ಕಿದಂತೆ.

ಎರಡನೆಯ ಸುತ್ತಿನಲ್ಲಿ 1940ರ ದಶಕದ ಮರ್ಕ್ಯುರಿ ಮತ್ತು ವಾಕಿಂಗ್ ಲಿಬರ್ಟಿ, 1936ರಿಂದ 1938ರ ಬಫಲೋ, 1900ರ ನಂತರದ ಇಂಡಿಯನ್ ಹೆಡ್, 1922ರಿಂದ 1925ರ ಪೀಸ್ ಡಾಲರ್ ಬರಲಿ. ಮಾರ್ಗನ್‌ಗೆ 1921ರದು ಅಗ್ಗವೆಂದು ಮಾರುಹೋಗಬೇಡಿ. ಸ್ವಲ್ಪ ಹೆಚ್ಚು ಕೊಟ್ಟು 1880, 1881 ಅಥವಾ 1882ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯ ಕೊಂಡರೆ ಅದರ ಅಚ್ಚಿನ ಚೂಪು ಬೇರೆಯೇ ಲೋಕ. ನೂರ ನಲವತ್ತು ವರ್ಷ ಹಳೆಯದಾದರೂ ಈ ನಾಣ್ಯ ಹೊಸದರಂತೆ ಸಿಗುವುದಕ್ಕೆ ಕಾರಣ, ಜನ ಬಳಸದೆ ಚೀಲಗಟ್ಟಲೆ ಡಾಲರುಗಳು ಖಜಾನೆಯಲ್ಲೇ ಉಳಿದು 1960ರ ದಶಕದ ಆರಂಭದಲ್ಲಿ ಹೊರಬಂದದ್ದು. ಹಳೆಯದೆಲ್ಲ ವಿರಳವಲ್ಲ.

ಬಾರ್ಬರ್ ಅರ್ಧ ಡಾಲರಿನದು ಇದಕ್ಕೆ ತದ್ವಿರುದ್ಧ ಕಥೆ. ಅದು ಜೇಬಿನಿಂದ ಜೇಬಿಗೆ ಓಡಾಡಿ ನುಣ್ಣಗೆ ಸವೆದ ನಾಣ್ಯ. ಜಿ-4ರಲ್ಲಿ ಬೇಕಾದಷ್ಟು ಇವೆ. ವಿಎಫ್‌ನಲ್ಲಿ, ಮೂಲ ಬಣ್ಣದೊಂದಿಗೆ, ತೊಳೆಯದೆ ಉಳಿದದ್ದು ತಿಂಗಳುಗಟ್ಟಲೆ ಹುಡುಕಿಸುತ್ತದೆ. ನನ್ನ ಮೊದಲ ಬಾರ್ಬರ್ ಅರ್ಧ ಡಾಲರನ್ನು ಅವಸರದಲ್ಲಿ, ಮಂದ ಬೆಳಕಿನಲ್ಲಿ ಕೊಂಡು, ಮನೆಗೆ ಬಂದು ದೀಪದಡಿ ವಾಲಿಸಿದಾಗ ಅದರ ಮೈತುಂಬ ಒಂದೇ ದಿಕ್ಕಿನ ಕೂದಲೆಳೆಯ ಗೀರುಗಳು ಕಂಡವು, ಯಾರೋ ಉಜ್ಜಿದ್ದರು. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಸಂಗ್ರಹದಲ್ಲಲ್ಲ, ಹೊಸಬರಿಗೆ ತೋರಿಸಲು.

ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರಿನ ಮೊದಲ ರೂಪಕ್ಕೆ 1916ರದನ್ನು ಮರೆತುಬಿಡಿ, ಅಚ್ಚಾದದ್ದೇ 52,000. ಅದೇ ವಿನ್ಯಾಸ 1917ರ ಮೊದಲ ಭಾಗದಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ ಫಿಲಡೆಲ್ಫಿಯದಲ್ಲಿ ಅಚ್ಚಾಯಿತು, ಅಚ್ಚೂ ಚೊಕ್ಕಟ. ಎರಡನೆಯ ರೂಪದಲ್ಲಿ ದೇವಿಯ ಎದೆಗೆ ಉಕ್ಕಿನ ಬಳೆಗಳ ಕವಚ ಬಂತು, ಹಿಂಬದಿಯಲ್ಲಿ ಹದ್ದಿನ ಕೆಳಗೆ ಮೂರು ನಕ್ಷತ್ರ ಬಂದವು. ಇದಕ್ಕೆ 1925 ಅಥವಾ ಅದರ ನಂತರದ ಇಸವಿಯನ್ನೇ ಆರಿಸಬೇಕು: ಅಲ್ಲಿಯವರೆಗೆ ಇಸವಿ ಉಬ್ಬಾಗಿದ್ದು ಎಲ್ಲಕ್ಕಿಂತ ಮೊದಲು ಸವೆದುಹೋಗುತ್ತಿತ್ತು, 1925ರಲ್ಲಿ ಅದನ್ನು ತಗ್ಗಿಗೆ ಇಳಿಸಿದರು. ಇಸವಿ ಅಳಿಸಿದ ಬಫಲೋಗಳಿಗೆ ಆಮ್ಲ ಹಚ್ಚಿ ಅಂಕಿ ಬರಿಸಿ ಮಾರುವುದೂ ಉಂಟು. ಅಂಕಿಯ ಸುತ್ತ ಒರಟು ಕಲೆ ಕಂಡರೆ ಬೇಡವೆನ್ನಿ.

ಐದನೆಯ ಹಂತ: ನಕಲಿಯನ್ನು ಹಿಡಿಯುವುದು

ಬೇಕಾದ ಉಪಕರಣಗಳು ನಾಲ್ಕೇ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೂಗುವ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ. ಬೆಳ್ಳಿ ಡಾಲರ್ 26.73 ಗ್ರಾಂ ಮತ್ತು 38.1 ಮಿ.ಮೀ., ಅರ್ಧ ಡಾಲರ್ 12.50 ಗ್ರಾಂ, ಕ್ವಾರ್ಟರ್ 6.25, ಡೈಮ್ 2.50, ನಿಕ್ಕಲ್ 5.00, ಕಂಚಿನ ಸೆಂಟ್ 3.11 ಗ್ರಾಂ ಇರಬೇಕು. ಸವೆದ ನಾಣ್ಯ ತುಸು ಹಗುರವಾಗುವುದು ಸಹಜ, ಭಾರವಾಗುವುದು ಸಹಜವಲ್ಲ. ಅಯಸ್ಕಾಂತಕ್ಕೆ ಅಂಟಬೇಕಾದದ್ದು 1943ರ ಉಕ್ಕಿನ ಸೆಂಟ್ ಒಂದೇ. ಆ ವರ್ಷದ ತಾಮ್ರದ ಸೆಂಟ್ ತಪ್ಪಿ ಅಚ್ಚಾದದ್ದು ಬೆರಳೆಣಿಕೆಯಷ್ಟಿದ್ದು ಭಾರಿ ಬೆಲೆ ಬಾಳುತ್ತದೆಂಬ ಸುದ್ದಿ ನಿಜವಾದರೂ, ನಮ್ಮ ಕೈಗೆ ಬರುವುದು ತಾಮ್ರ ಲೇಪಿಸಿದ ಉಕ್ಕು ಎಂಬುದನ್ನು ಅದೇ ಅಯಸ್ಕಾಂತ ಹೇಳಿಬಿಡುತ್ತದೆ.

ನಮ್ಮ ಊರುಗಳ ರಸ್ತೆಬದಿಯಲ್ಲಿ ಹರಡಿಟ್ಟ ಹಳೆಯ ನಾಣ್ಯಗಳ ರಾಶಿಯಲ್ಲಿ ದೊಡ್ಡ ಅಮೆರಿಕನ್ ಡಾಲರ್ ಕಂಡರೆ, ಕೊಳ್ಳುವ ಮೊದಲು ತೂಗಲೇಬೇಕು. ಅದರಲ್ಲೂ ಏಷ್ಯಾದ ವ್ಯಾಪಾರಕ್ಕೆಂದು 1873ರಿಂದ ಅಚ್ಚಾದ ಟ್ರೇಡ್ ಡಾಲರಿನ ನಕಲುಗಳು ಹೇರಳ. ಅಸಲಿಯ ತೂಕ 420 ಗ್ರೇನ್, ಅಂದರೆ 27.22 ಗ್ರಾಂ, ಎಂದು ಆ ನಾಣ್ಯದ ಮೇಲೆಯೇ ಕೆತ್ತಿದೆ. ನಕಲಿ ತನ್ನ ಮೈಮೇಲೆ ಬರೆದುಕೊಂಡ ಮಾತಿಗೆ ತಾನೇ ತಪ್ಪುತ್ತದೆ.

ಬೆಲೆ ಹೆಚ್ಚಾದಂತೆ ಮೂರನೆಯವರ ಪ್ರಮಾಣಪತ್ರ ಬೇಕಾಗುತ್ತದೆ. 1986ರಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು ಮರುವರ್ಷದ ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಬರೆದು, ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚಿಕೊಡುತ್ತವೆ. ಸ್ಲ್ಯಾಬನ್ನೂ ನಕಲು ಮಾಡುವವರಿರುವುದರಿಂದ, ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ದಾಖಲೆಯಲ್ಲಿ ನೋಡಿ, ಚಿತ್ರವಿದ್ದರೆ ಗೀರು ಗೀರಿಗೂ ತಾಳೆ ಹಾಕಬೇಕು. ಈ ಪಟ್ಟಿಯಲ್ಲಿ ಬಾರ್ಬರ್ ಅರ್ಧ ಡಾಲರ್ ಮತ್ತು ಸ್ಟ್ಯಾಂಡಿಂಗ್ ಲಿಬರ್ಟಿಯ ಮೊದಲ ರೂಪಕ್ಕೆ ಮಾತ್ರ ನಾನು ಸ್ಲ್ಯಾಬನ್ನು ಒತ್ತಾಯಿಸುತ್ತೇನೆ. ಭಾರತಕ್ಕೆ ಅಂಚೆಯಲ್ಲಿ ತರಿಸುವವರು ಸಾಗಣೆ ಮತ್ತು ಸುಂಕವನ್ನು ಮೊದಲೇ ವಿಚಾರಿಸಿಕೊಳ್ಳಬೇಕು; ಸಣ್ಣ ನಾಣ್ಯಗಳಲ್ಲಿ ಅದು ನಾಣ್ಯದ ಬೆಲೆಯನ್ನೇ ಮೀರಬಹುದು.

ಆರನೆಯ ಹಂತ: ಕಾಪಾಡುವುದು

ಹಬ್ಬದ ಹಿಂದಿನ ದಿನ ಬೆಳ್ಳಿಯ ದೀಪವನ್ನು ವಿಭೂತಿಯಿಂದಲೂ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದಲೂ ತಿಕ್ಕಿ ಬೆಳಗುವ ಮನೆಗಳಲ್ಲಿ ಬೆಳೆದ ನಮಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ: ನಾಣ್ಯವನ್ನು ಬೆಳಗಬಾರದು. ಕಪ್ಪಾದ ಬೆಳ್ಳಿ ನಾಣ್ಯದ ಆ ಕಪ್ಪು ಅದರ ವಯಸ್ಸಿನ ಸಾಕ್ಷಿ. ತಿಕ್ಕಿದರೆ ಮೇಲ್ಮೈಯ ಲೋಹವೇ ಎದ್ದುಹೋಗಿ, ಬೆಲೆ ಅರ್ಧಕ್ಕೂ ಕೆಳಗಿಳಿಯಬಹುದು, ಮತ್ತೆ ಸರಿಪಡಿಸುವ ಉಪಾಯವಿಲ್ಲ. ಮನೆಗೆಲಸಕ್ಕೆ ನೆರವಾಗುವವರಿಗೂ ಇದನ್ನು ಹೇಳಿಡುವುದು ಒಳ್ಳೆಯದು. ಹಳೆಯ ಮೆದು ಪ್ಲಾಸ್ಟಿಕ್ ಚೀಲದಿಂದ ಅಂಟಿದ ಹಸಿರು ಲೋಳೆಯನ್ನು ಮಾತ್ರ ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ, ತೆಗೆಯಬಹುದು. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ.

ಆ ಲೋಳೆಗೆ ಕಾರಣ ಮೆದು ಪ್ಲಾಸ್ಟಿಕ್ಕಿನಲ್ಲಿರುವ ಪಿವಿಸಿ. ಆದ್ದರಿಂದ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಗಳನ್ನೋ ಗಟ್ಟಿ ಅಕ್ರಿಲಿಕ್ ಗೂಡುಗಳನ್ನೋ ಬಳಸಬೇಕು. ಟೈಪ್ ಸೆಟ್‌ಗೆಂದೇ ಇರುವ ಡ್ಯಾನ್ಸ್ಕೊ ಕಂಪನಿಯ 7070ನೆಯ ಆಲ್ಬಮ್ ಅಮೆರಿಕದಲ್ಲಿ ಬಹುಕಾಲದಿಂದ ಪ್ರಸಿದ್ಧ. ಅದರ ಗೂಡುಗಳು ನಮ್ಮ ಇಪ್ಪತ್ತಮೂರಕ್ಕಿಂತ ಹೆಚ್ಚು ಕಾಲವನ್ನು ಒಳಗೊಂಡಿರುವುದರಿಂದ ಖಾಲಿ ಗೂಡುಗಳನ್ನು ಸಹಿಸುವ ಮನಸ್ಸಿರಬೇಕು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಬೇಕು. ಮೊದಲು ಕೈಕೊಡುವುದು ಉಕ್ಕಿನ ಸೆಂಟ್, ಸತುವಿನ ಲೇಪ ಎಲ್ಲಿ ಬಿಟ್ಟಿದೆಯೋ ಅಲ್ಲಿ ತುಕ್ಕು ಏಳುತ್ತದೆ. ನಾಣ್ಯವನ್ನು ಹಿಡಿಯುವುದು ಯಾವಾಗಲೂ ಅಂಚಿನಿಂದ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ.

ಪ್ರತಿ ನಾಣ್ಯಕ್ಕೂ ಇಸವಿ, ಟಂಕಸಾಲೆ, ತೂಕ, ಕೊಂಡ ದಿನ, ಕೊಟ್ಟ ಬೆಲೆ ಮತ್ತು ಅದನ್ನೇ ಏಕೆ ಆರಿಸಿದಿರಿ ಎಂಬ ಒಂದು ಸಾಲು ಬರೆದಿಡಿ. ಎರಡು ವರ್ಷದ ನಂತರ ಆ ಸಾಲು ಓದಿದಾಗ ಮುಜುಗರವಾದರೆ, ಬದಲಿಸಬೇಕಾದ ನಾಣ್ಯ ಅದೇ.

ಗಡಿಯನ್ನು ಹಿಂದಕ್ಕೆ ಸರಿಸುವುದು

ಇಪ್ಪತ್ತಮೂರೂ ತುಂಬಿದ ಮೇಲೆ ಹತ್ತೊಂಬತ್ತನೆಯ ಶತಮಾನಕ್ಕೆ ಕಾಲಿಡಬಹುದು. ‘ನಾವು ದೇವರಲ್ಲಿ ನಂಬಿಕೆಯಿಟ್ಟಿದ್ದೇವೆ’ ಎಂಬ ವಾಕ್ಯ ಮೊದಲು ಕಾಣಿಸಿಕೊಂಡ 1864ರ ಎರಡು ಸೆಂಟ್, 1850ರ ದಶಕದ ದೊಡ್ಡ ತಾಮ್ರದ ಸೆಂಟ್, ಕುಳಿತ ಸ್ವಾತಂತ್ರ್ಯದೇವಿಯ ಡೈಮ್ ಇವು ಸುಲಭದವು. 1883ರ ಲಿಬರ್ಟಿ ನಿಕ್ಕಲ್‌ನ ಮೊದಲ ರೂಪದಲ್ಲಿ ‘ಸೆಂಟ್ಸ್’ ಎಂಬ ಪದವೇ ಇಲ್ಲ. ಅದಕ್ಕೆ ಚಿನ್ನದ ನೀರು ಹಚ್ಚಿ ಐದು ಡಾಲರ್ ಎಂದು ದಾಟಿಸುವವರು ಹುಟ್ಟಿಕೊಂಡು, ಅದೇ ವರ್ಷ ಪದವನ್ನು ಸೇರಿಸಬೇಕಾಯಿತು. ಅದೂ ಅಗ್ಗವಾಗಿಯೇ ಸಿಗುತ್ತದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 1807ರಿಂದ 1836ರವರೆಗಿನ ಕ್ಯಾಪ್ಡ್ ಬಸ್ಟ್ ಅರ್ಧ ಡಾಲರ್. ಬ್ಯಾಂಕುಗಳ ನಡುವೆಯೇ ಹೆಚ್ಚಾಗಿ ಕೈಬದಲಾದ ಕಾರಣ ಅಷ್ಟು ಹಳೆಯದಾದರೂ ಎಕ್ಸ್ಎಫ್ ದರ್ಜೆಯಲ್ಲಿ ದೊರೆಯುತ್ತದೆ. ಅದರ ಬೆಲೆಯನ್ನು ಬರೆದಿರುವುದು ಅಂಚಿನ ಮೇಲೂ ಹೌದು, ಸುತ್ತಲೂ ಅಕ್ಷರಗಳಲ್ಲಿ. ಆಲ್ಬಮಿನ ಗೂಡಿಗೆ ಹಾಕಿದರೆ ಆ ಬರಹ ಮುಚ್ಚಿಹೋಗುತ್ತದೆ. ಅದನ್ನೊಂದನ್ನು ಪಾರದರ್ಶಕ ಗೂಡಿನಲ್ಲಿ ಪ್ರತ್ಯೇಕವಾಗಿ ಇರಿಸಿಕೊಳ್ಳಿ.